46, ಎಕ್ಸ್‌ವೈ: ಕೊಡಗಿನ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಡಾಕ್ಟರುಗಳಿಗೆ ನಮಸ್ಕಾರ. ಸರ್ಕಾರಿ ಆಸ್ಪತ್ರೆಯವರಿಗೂ, ಸ್ವಂತ ಕ್ಲಿನಿಕ್ ಇಟ್ಟವರಿಗೂ, ಮಡಿಕೇರಿಯ ಮೆಡಿಕಲ್ ಕಾಲೇಜಿನಲ್ಲಿ ಇನ್ನೂ ಓದುತ್ತಿರುವ ಮಕ್ಕಳಿಗೂ.

ನಾನು ನಾಪೋಕ್ಲು ಕಡೆಯವಳು. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆಗಿದ್ದೇನೆ. ನಿಮ್ಮಲ್ಲಿ ಒಬ್ಬಿಬ್ಬರು ನನ್ನ ಕ್ಲಾಸಿನ ಬೆಂಚಿನಲ್ಲಿ ಕೂತವರೇ ಇರಬಹುದು. ಹಾಗಾಗಿ ಸ್ವಲ್ಪ ಸಲುಗೆಯಿಂದ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಈಗ ನನ್ನ ಮುಂದೆ ಒಂದು ರಿಪೋರ್ಟ್ ಇದೆ. ಕ್ಯಾರಿಯೋಟೈಪ್ ರಿಪೋರ್ಟ್. ಹಾಳೆಯ ನಡುವೆ, ಜೀವಕೋಶದೊಳಗೆ ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಫೋಟೊ. ಬೆಳಗಿನ ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗೆ ಜೋಡಿ ಜೋಡಿಯಾಗಿ, ಉದ್ದದವು ಮುಂದೆ, ಗಿಡ್ಡದವು ಹಿಂದೆ. ಕೊನೆಯ ಜೋಡಿ ಮಾತ್ರ ಸಮ ಇಲ್ಲ. ಒಂದು ದೊಡ್ಡದು, ಇನ್ನೊಂದು ಚೋಟುದ್ದ. ಕೆಳಗೆ ದಪ್ಪ ಅಕ್ಷರದಲ್ಲಿ 46, ಎಕ್ಸ್‌ವೈ. ಅಂದರೆ ಒಟ್ಟು 46 ಕ್ರೋಮೋಸೋಮ್, ಕೊನೆಯ ಜೋಡಿ ಒಂದು ಎಕ್ಸ್, ಒಂದು ವೈ. ಪಕ್ಕದಲ್ಲಿ 'ನಾರ್ಮಲ್'.

ಇದು ನನ್ನ ಮಗಳ ರಿಪೋರ್ಟ್.

ಅವಳು ಹುಟ್ಟಿದ ದಿನ ನಮ್ಮ ಅಂಗಳದಲ್ಲಿ ಕೋವಿಯಿಂದ ಒಂದು ಗುಂಡು ಹಾರಿತ್ತು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಹಾಗೆ ಊರಿಗೆ ತಿಳಿಸುವುದು. ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಆ ಮುಷ್ಟಿಯೊಳಗೆ ಇಟ್ಟಿದ್ದರು. ಮಗು ಅದನ್ನು ಹಿಡಿದುಕೊಂಡೇ ನಿದ್ದೆ ಹೋಗಿತ್ತು. ಆ ಬಿಲ್ಲು ಇವತ್ತಿಗೂ ಅಟ್ಟದ ಟ್ರಂಕಿನಲ್ಲಿದೆ. ಹತ್ತೊಂಬತ್ತನೇ ವರ್ಷಕ್ಕೆ ಅವಳು ನಮ್ಮನ್ನು ಕೂರಿಸಿಕೊಂಡು ತಾನು ಹೆಣ್ಣು ಅಂತ ಹೇಳಿದಳು. ಯೋಚಿಸಿ ನೋಡಿದರೆ ಅವಳು ಆರೇಳು ವರ್ಷದವಳಿದ್ದಾಗಿನಿಂದಲೇ ಹೇಳುತ್ತಿದ್ದಳು, ನಾವು ಕಿವಿ ಕೊಟ್ಟಿರಲಿಲ್ಲ ಅಷ್ಟೆ. ಈಗ ಇಪ್ಪತ್ನಾಲ್ಕು. ಮಡಿಕೇರಿಯ ಒಂದು ಹೋಂಸ್ಟೇಯಲ್ಲಿ ಬುಕಿಂಗ್ ನೋಡಿಕೊಳ್ಳುತ್ತಾಳೆ. ಸೀರೆಗೆ ಹಿಂದೆ ನೆರಿಗೆ ಇಡುವುದರಲ್ಲಿ ನನಗಿಂತ ಚುರುಕು.

ನಾವು ಅವಳನ್ನು ಕರೆದುಕೊಂಡು ಹೋಗಿದ್ದು ಹಾರ್ಮೋನ್ ಚಿಕಿತ್ಸೆ ಬಗ್ಗೆ ಕೇಳುವುದಕ್ಕೆ. ಯಾವ ಆಸ್ಪತ್ರೆ, ಯಾವ ಡಾಕ್ಟರ್ ಅನ್ನುವುದು ಬೇಡ. ಒಬ್ಬರನ್ನು ಬೈಯಲು ಬರೆಯುತ್ತಿಲ್ಲ. ಅವರು ಅವಳ ಮುಖ ನೋಡಲಿಲ್ಲ. ನನ್ನ ಗಂಡನ ಕಡೆ ತಿರುಗಿ, "ಮೊದಲು ಕ್ರೋಮೋಸೋಮ್ ಟೆಸ್ಟ್ ಮಾಡಿಸಿ. ಜೆನೆಟಿಕ್ ಆಗಿ ಏನಾದ್ರೂ ಇದ್ರೆ ಅದರಲ್ಲಿ ಗೊತ್ತಾಗುತ್ತೆ" ಅಂದರು. ಹಸಿರು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೋಯಿತು. ಬಿಳಿ ರಕ್ತಕಣಗಳನ್ನು ಬೆಳೆಸಿ ನೋಡಬೇಕಲ್ಲ, ಅದಕ್ಕೆ ಟೈಮ್ ಹಿಡಿಯುತ್ತದೆ. ಮೂರು ವಾರ ಕಾದೆವು. ರಿಪೋರ್ಟ್ ನೋಡಿ ಡಾಕ್ಟರ್ ಹೇಳಿದ್ದು: "ಎಲ್ಲಾ ನಾರ್ಮಲ್. ಹುಡುಗನೇ. ಸ್ವಲ್ಪ ದಿನ ಮೊಬೈಲ್ ಕಡಿಮೆ ಮಾಡಿಸಿ."

ಆ ಒಂದು ಮಾತು ಡಾಕ್ಟರ ರೂಮಿನಿಂದ ನಮಗಿಂತ ಮೊದಲೇ ಮನೆ ಸೇರಿತು. ಆ ವರ್ಷದ ಸುಗ್ಗಿ ಹಬ್ಬ ಪುತ್ತರಿಗೆ ಐನ್‌ಮನೆಗೆ, ಅಂದರೆ ಮನೆತನದ ಹಿರಿಮನೆಗೆ ಹೋದಾಗ ನಮ್ಮ ಭಾವನವರು ಎಲ್ಲರ ಎದುರಿಗೇ, "ಟೆಸ್ಟ್‌ನಲ್ಲಿ ಏನೂ ಇಲ್ಲವಂತೆ. ಸುಮ್ನೆ ನಾಟಕ" ಅಂದರು. ಕದಿರು ತೆಗೆಯಲು ಗದ್ದೆಗೆ ಹೊರಟ ಹೊತ್ತು. ಮಗಳು ದೀಪ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ದೀಪವನ್ನು ಬೇರೆ ಹುಡುಗಿಯ ಕೈಗೆ ಕೊಟ್ಟು ಒಳಗೆ ಹೋದಳು.

ಡಾಕ್ಟರೇ, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಲ್ಲಿ ಬಹುಪಾಲು ಎಲ್ಲರ ಕ್ಯಾರಿಯೋಟೈಪ್ ಹೀಗೆ ನಾರ್ಮಲ್ ಆಗಿಯೇ ಬರುತ್ತದೆ. ಇದು ನಿಮಗೆ ಗೊತ್ತಿರುವ ವಿಷಯ. ಆ ಟೆಸ್ಟ್ ಕ್ರೋಮೋಸೋಮ್‌ಗಳನ್ನು ಎಣಿಸುತ್ತದೆ, ದೊಡ್ಡ ತುಂಡು ಹೋಗಿದೆಯಾ, ಅದಲು ಬದಲಾಗಿದೆಯಾ ಅಂತ ನೋಡುತ್ತದೆ. ಒಳಗಿನ ಸುಮಾರು ಇಪ್ಪತ್ತು ಸಾವಿರ ಜೀನ್‌ಗಳ ಒಂದು ಅಕ್ಷರವನ್ನೂ ಓದುವುದಿಲ್ಲ. ಒಬ್ಬರು ತಮ್ಮನ್ನು ಗಂಡು ಅಂದುಕೊಳ್ಳುತ್ತಾರಾ ಹೆಣ್ಣು ಅಂದುಕೊಳ್ಳುತ್ತಾರಾ ಅನ್ನುವುದನ್ನಂತೂ ಕೇಳಲೇಬೇಡಿ. ಪುಸ್ತಕದ ಬೀರುವಿನಲ್ಲಿ ಎಷ್ಟು ಪುಸ್ತಕ ಇದೆ ಅಂತ ಎಣಿಸಿ ಬಂದವರ ಹತ್ತಿರ ಕಥೆ ಏನು ಅಂತ ಕೇಳಿದ ಹಾಗೆ. ತಿಂಗಳಾಗುವುದು ತಡವಾದ ಹುಡುಗಿಗೆ, ಹುಟ್ಟುವಾಗಲೇ ಅಂಗರಚನೆ ಬೇರೆ ಇದ್ದ ಮಗುವಿಗೆ ಈ ಟೆಸ್ಟ್ ಬೇಕು. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಮಗಳಿಗೆ ಅಂಥ ಕಾರಣ ಏನೂ ಇರಲಿಲ್ಲ.

ತಪ್ಪು ಪೂರ್ತಿ ನಿಮ್ಮದೇ ಅಂತಲೂ ಹೇಳಲಾರೆ. ವರ್ಷಾ ವರ್ಷಾ ಬೋರ್ಡಿನ ಮೇಲೆ ಎಕ್ಸ್‌ಎಕ್ಸ್ ಅಂದರೆ ಹುಡುಗಿ, ಎಕ್ಸ್‌ವೈ ಅಂದರೆ ಹುಡುಗ ಅಂತ ಬರೆದವಳು ನಾನೇ. ಆ ಪಾಠ ನನಗೆ ಬಲು ಇಷ್ಟ ಕೂಡ. ಯಾಕೆ ಅಂದರೆ ಬರೀ ಹೆಣ್ಣನ್ನೇ ಹೆತ್ತಳು ಅಂತ ಸೊಸೆಯನ್ನು ಬೈಯುವ ಮನೆಗಳಿಂದ ನನ್ನ ಕ್ಲಾಸಿಗೆ ಮಕ್ಕಳು ಬರುತ್ತಿದ್ದರು. ವೈ ಬರುವುದು ಅಪ್ಪನಿಂದ, ಅಮ್ಮನನ್ನು ಬೈದು ಪ್ರಯೋಜನ ಇಲ್ಲ ಅಂತ ನಾನು ಜೋರಾಗಿ ಹೇಳುತ್ತಿದ್ದೆ. ರಿಪೋರ್ಟ್ ಬಂದ ರಾತ್ರಿ ಮಗಳು ಕೇಳಿದಳು, "ಅವ್ವ, ನಿನ್ನದು ಎಕ್ಸ್‌ಎಕ್ಸ್ ಅಂತ ನಿನಗೆ ಹೇಗೆ ಗೊತ್ತು? ಟೆಸ್ಟ್ ಮಾಡಿಸಿದ್ದೀಯಾ?" ಇಲ್ಲ. ನನ್ನ ಕ್ರೋಮೋಸೋಮ್ ನಾನು ಯಾವತ್ತೂ ನೋಡಿಲ್ಲ. ನನ್ನನ್ನು ಯಾರೂ ಕೇಳಿಯೂ ಇಲ್ಲ.

ಆಮೇಲೆ ಶುರುವಾಯಿತು 'ಯಾರ ಕಡೆಯಿಂದ ಬಂತು' ಅನ್ನುವ ಪಂಚಾಯಿತಿ. ನಾದಿನಿ ಅಂದಳು, ನಮ್ಮ ಒಕ್ಕದಲ್ಲಿ (ಮನೆತನದಲ್ಲಿ) ಇಂಥದ್ದು ಇರಲಿಲ್ಲ. ನನ್ನ ತವರಿನವರೂ ಅದನ್ನೇ ಅಂದರು. ನಮ್ಮ ಕೊಡಗಿನಲ್ಲಿ ರಕ್ತದ ಮಾತು ಅಂದರೆ ಎಲ್ಲರಿಗೂ ಹುರುಪು. ಅಲೆಕ್ಸಾಂಡರನ ಸೈನಿಕರ ಸಂತತಿ ನಾವು ಅನ್ನುವವರು ಈಗಲೂ ಮದುವೆ ಮನೆಯಲ್ಲಿ ಸಿಗುತ್ತಾರೆ. ನನಗೂ ತಡೆಯಲಾಗಲಿಲ್ಲ. ಟೀಚರ್ ಬುದ್ಧಿ. ಈ ವಿಷಯದಲ್ಲಿ ವಿಜ್ಞಾನಿಗಳು ನಿಜಕ್ಕೂ ಏನು ಕಂಡಿದ್ದಾರೆ ಅಂತ ಹುಡುಕಿ ಓದಲು ಕೂತೆ. ಕಾಫಿ ಕೊಯ್ಲು ಮುಗಿಯುವವರೆಗೆ ರಾತ್ರಿ ಅದೇ ಕೆಲಸ.

2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನವರು 112 ಟ್ರಾನ್ಸ್ ಮಹಿಳೆಯರನ್ನು, ಅಂದರೆ ನನ್ನ ಮಗಳಂಥವರನ್ನು, 258 ಗಂಡಸರ ಜೊತೆ ಹೋಲಿಸಿದರು. ನೋಡಿದ್ದು ಆಂಡ್ರೋಜನ್ ರಿಸೆಪ್ಟರ್ ಅನ್ನುವ ಜೀನ್. ಟೆಸ್ಟೋಸ್ಟಿರೋನ್ ಹೇಳಿದ್ದನ್ನು ಜೀವಕೋಶಕ್ಕೆ ತಲುಪಿಸುವುದು ಇದರ ಕೆಲಸ. ಇದರಲ್ಲಿ ಸಿ, ಎ, ಜಿ ಅನ್ನುವ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತದೆ, ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು. ಈ ಸರ ಉದ್ದವಾದಷ್ಟೂ ರಿಸೆಪ್ಟರ್ ಸ್ವಲ್ಪ ಮಂದ. ಟ್ರಾನ್ಸ್ ಮಹಿಳೆಯರಲ್ಲಿ ಸರಾಸರಿ ಸ್ವಲ್ಪ ಉದ್ದ ಇತ್ತು. ಸರಾಸರಿ ಅನ್ನುವ ಮಾತನ್ನು ಎರಡು ಸಲ ಓದಿಕೊಳ್ಳಿ. ಉದ್ದ ಸರ ಇರುವ ಎಷ್ಟೋ ಗಂಡಸರು ಹಾಯಾಗಿ ಗಂಡಸರಾಗಿಯೇ ಇದ್ದಾರೆ. ಅದೇ ವರ್ಷ ಜಪಾನಿನವರು ಹುಡುಕಿದರೆ ಅವರಿಗೆ ಆ ಜೀನ್‌ನಲ್ಲಿ ಏನೂ ಸಿಗಲಿಲ್ಲ. 2019ರಲ್ಲಿ ಮೆಲ್ಬರ್ನ್ ತಂಡವೇ ಜಾಸ್ತಿ ಜನರನ್ನು ಸೇರಿಸಿಕೊಂಡು, 380 ಟ್ರಾನ್ಸ್ ಮಹಿಳೆಯರು ಮತ್ತು 344 ಗಂಡಸರಲ್ಲಿ ಹಾರ್ಮೋನಿಗೆ ಸಂಬಂಧಪಟ್ಟ 12 ಜೀನ್‌ಗಳನ್ನು ನೋಡಿತು. ಆಗ ಎದ್ದು ಕಂಡದ್ದು ಈಸ್ಟ್ರೋಜನ್ ರಿಸೆಪ್ಟರ್‌ನಂಥ ಬೇರೆ ಕೆಲವು ಜೀನ್‌ಗಳು, ಮತ್ತೆ ಎರಡೆರಡು ಜೀನ್ ಸೇರಿದ ಜೋಡಿಗಳು.

ಇಲ್ಲಿ ಒಂದು ತಮಾಷೆ ಇದೆ. ಆಂಡ್ರೋಜನ್ ರಿಸೆಪ್ಟರ್ ಜೀನ್ ಕೂತಿರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಎಕ್ಸ್‌ವೈ ಮಗುವಿಗೆ ಎಕ್ಸ್ ಸಿಗುವುದು ಅಮ್ಮನಿಂದಲೇ. ನಾದಿನಿಗೆ ಇದು ಗೊತ್ತಾದರೆ ನನ್ನ ಕಥೆ ಮುಗಿಯಿತು! ಸೊಸೆಯಂದಿರನ್ನು ಬಿಡಿಸಲು ವೈ ಕ್ರೋಮೋಸೋಮ್ ಹಿಡಿದುಕೊಂಡು ಹೋರಾಡಿದವಳಿಗೆ ಎಕ್ಸ್ ಬಂದು ಕೈ ಕೊಟ್ಟಿತು.

ಅವಳಿ ಮಕ್ಕಳ ಲೆಕ್ಕ ಇನ್ನೂ ಸೊಗಸು. 2012ರಲ್ಲಿ ಬೆಲ್ಜಿಯಂನ ಸಂಶೋಧಕರು ಅಲ್ಲಿವರೆಗೆ ಡಾಕ್ಟರುಗಳು ಬರೆದಿಟ್ಟಿದ್ದ ಅವಳಿಗಳ ಕೇಸುಗಳನ್ನು ಒಟ್ಟು ಮಾಡಿದರು. ತದ್ರೂಪಿ ಅವಳಿಗಳು 23 ಜೋಡಿ. ಅದರಲ್ಲಿ 9 ಜೋಡಿಯಲ್ಲಿ ಇಬ್ಬರೂ ಟ್ರಾನ್ಸ್. ತದ್ರೂಪಿಗಳಲ್ಲದ, ಇಬ್ಬರೂ ಗಂಡು ಅಥವಾ ಇಬ್ಬರೂ ಹೆಣ್ಣಾದ 21 ಜೋಡಿಯಲ್ಲಿ ಒಂದೂ ಇಲ್ಲ. ನೋಡಿದರೆ ಜೀನ್‌ಗಳ ಪಾಲು ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಉಳಿದ 14 ಜೋಡಿಯಲ್ಲೂ ಜೀನ್ ಒಂದೇ, ಟ್ರಾನ್ಸ್ ಆದವರು ಒಬ್ಬರೇ. 2022ರಲ್ಲಿ ಸ್ವೀಡನ್ನಿನವರು ಇಡೀ ದೇಶದ ದಾಖಲೆ ತೆಗೆದು ನೋಡಿದರು. ಒಂದೇ ಲಿಂಗದ ಅವಳಿಗಳಲ್ಲಿ ಇಬ್ಬರಿಗೂ 'ಜೆಂಡರ್ ಡಿಸ್ಫೋರಿಯಾ' (ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ ಅನ್ನುವ ಸಂಕಟ) ಅನ್ನುವ ಡಯಾಗ್ನೋಸಿಸ್ ಇದ್ದ ಒಂದು ಜೋಡಿಯೂ ಸಿಗಲಿಲ್ಲ. ಒಂದು ಗಂಡು ಒಂದು ಹೆಣ್ಣಾದ ಅವಳಿಗಳಲ್ಲಿ ಮಾತ್ರ, ಒಬ್ಬರಿಗೆ ಇದ್ದ ಕಡೆ ಶೇಕಡ 37ರಷ್ಟು ಇನ್ನೊಬ್ಬರಿಗೂ ಇತ್ತು. ಹಾಗಾದರೆ ಕಾರಣ ಜೀನ್‌ಗಿಂತ ಗರ್ಭದೊಳಗಿನ ಹಾರ್ಮೋನ್ ಇರಬಹುದಾ ಅನ್ನುವ ಪ್ರಶ್ನೆ ಎದ್ದಿತು. ಒಂದು ಅಧ್ಯಯನ ಪೂರ್ವಕ್ಕೆ ಎಳೆದರೆ ಇನ್ನೊಂದು ಪಶ್ಚಿಮಕ್ಕೆ.

ಇದನ್ನೆಲ್ಲ ನನ್ನ ಗಂಡನಿಗೆ ವಿವರಿಸಿದೆ. ಅವರು ಪಿಯುಸಿಗೇ ಓದು ಬಿಟ್ಟವರು. ಕೇಳಿಸಿಕೊಂಡು ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಕೆರೆ ಬದಿಯ ರೊಬಸ್ಟಾ ಗಿಡಗಳೆಲ್ಲ ಒಂದೇ ತಾಯಿ ಗಿಡದ ಕಸಿ. ರೊಬಸ್ಟಾ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ತರಹ, ಯಾಕೆಂದರೆ ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದಕ್ಕೇ ಕಸಿ ಮಾಡುವುದು. ಕಸಿ ಅಂದರೆ ತದ್ರೂಪಿ ಅವಳಿಯೇ. ಹಲಸಿನ ಮರದ ಕೆಳಗಿನದು ಎತ್ತರಕ್ಕೆ ಹೋಗಿತ್ತು, ಎಲೆ ಅಗಲ, ಕಾಯಿ ಕಡಿಮೆ. ನಾಲ್ಕು ಹೆಜ್ಜೆ ಆಚೆ ಬಿಸಿಲಿಗೆ ನಿಂತದ್ದು ಗಿಡ್ಡ, ರೆಂಬೆ ತುಂಬ ಕಾಯಿ. "ಇದಕ್ಕೆ ಬೇರು ಬೇರೆ, ಅದಕ್ಕೆ ಬೇರೆ. ನೆರಳು ಬೇರೆ. ಯಾವುದರಿಂದ ಎಷ್ಟು ಅಂತ ನಾನು ಹೇಳ್ಲಾ?" ಅಂತ ಕೇಳಿದರು. ನನ್ನ ಮೂವತ್ತು ಪುಟದ ನೋಟ್ಸಿಗಿಂತ ಅದು ವಾಸಿ.

ಹೀಗಂತ ಸಂಶೋಧನೆ ಬೇಡ ಅನ್ನುತ್ತಿಲ್ಲ. ನನಗೆ ಅದು ಬೇಕು. ಮನುಷ್ಯನಿಗೆ ತಾನು ಗಂಡು, ತಾನು ಹೆಣ್ಣು ಅನ್ನುವ ಅರಿವು ಎಲ್ಲಿಂದ ಬರುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಅದು ನನ್ನ ಮಗಳದ್ದಷ್ಟೇ ಅಲ್ಲ, ಭಾವನವರದ್ದೂ ಹೌದು. ಆದರೆ ಆ ಪ್ರಶ್ನೆಗೆ ಉತ್ತರ ಸಿಗುವುದು ನೂರಾರು ಜನರನ್ನು ಒಟ್ಟಿಗೆ ನೋಡಿದಾಗ. ನಿಮ್ಮ ಟೇಬಲ್ಲಿನ ಎದುರು ಕೂತ ಒಬ್ಬಳ ಬಗ್ಗೆ ಆ ಲೆಕ್ಕ ಏನೂ ಹೇಳುವುದಿಲ್ಲ. ಇವತ್ತಿಗೆ ಒಬ್ಬರು ಟ್ರಾನ್ಸ್ ಹೌದೋ ಅಲ್ಲವೋ ಅಂತ ಹೇಳುವ ಜೀನ್ ಟೆಸ್ಟ್ ಇಲ್ಲ. ಇದನ್ನು ನೀವು ಹೇಳಿದರೆ ಜನ ನಂಬುತ್ತಾರೆ. ನಾನು ಹೇಳಿದರೆ 'ತಾಯಿ ಅಲ್ವಾ, ಹಾಗೇ ಹೇಳ್ತಾರೆ' ಅನ್ನುತ್ತಾರೆ.

ಲ್ಯಾಬಿನಲ್ಲಿ ಸಿಕ್ಕಿದ್ದು ಗೇಟಿನ ಬೀಗ ಆಗುವುದು ಹೇಗೆ ಅಂತ ಆಟದ ಊರಾದ ಕೊಡಗಿಗೆ ನಾನು ಹೇಳಿಕೊಡಬೇಕಾಗಿಲ್ಲ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಓಡಿ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರರಾಜನ್ ನೆನಪಿದ್ದಾರಾ? ಲಿಂಗ ಪರೀಕ್ಷೆಯ ಹೆಸರಿನಲ್ಲಿ ಪದಕ ಕಿತ್ತುಕೊಂಡರು. ಅವರು ಟ್ರಾನ್ಸ್ ಅಲ್ಲ. ಹೆಣ್ಣಾಗಿ ಹುಟ್ಟಿ ಬೆಳೆದವರು. ಎರಡೂ ಬೇರೆ ಬೇರೆ ವಿಷಯ, ಬೆರೆಸಬಾರದು. ಆದರೆ ಟೆಸ್ಟಿನ ಗತ್ತು ಒಂದೇ. 1990ರಲ್ಲಿ ಲಂಡನ್ನಿನಲ್ಲಿ ಎಸ್‌ಆರ್‌ವೈ ಜೀನ್ ಪತ್ತೆಯಾಯಿತು. ಭ್ರೂಣದಲ್ಲಿ ವೃಷಣ ಬೆಳೆಯಲು ಚಾಲನೆ ಕೊಡುವುದು ಅದೇ. 2025ರ ಸೆಪ್ಟೆಂಬರಿನಿಂದ ವರ್ಲ್ಡ್ ಅಥ್ಲೆಟಿಕ್ಸ್ ತನ್ನ ವಿಶ್ವ ರ್‍ಯಾಂಕಿಂಗ್ ಸ್ಪರ್ಧೆಗಳ ಹೆಂಗಸರ ವಿಭಾಗಕ್ಕೆ ಇಳಿಯುವವರಿಗೆಲ್ಲ ಆ ಜೀನ್ ಟೆಸ್ಟ್ ಕಡ್ಡಾಯ ಮಾಡಿದೆ. ಇದು ಸರಿಯಲ್ಲ ಅಂತ ಬರೆದವರಲ್ಲಿ ಒಬ್ಬರು ಯಾರು ಗೊತ್ತಾ? ಆ ಜೀನನ್ನು ಕಂಡುಹಿಡಿದ ಆಂಡ್ರ್ಯೂ ಸಿಂಕ್ಲೇರ್ ಅವರೇ.

ನಮ್ಮ ಸುಪ್ರೀಂ ಕೋರ್ಟ್ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕಿನ ಬಗ್ಗೆ 2014ರ ಏಪ್ರಿಲ್ 15ರಂದು ಕೊಟ್ಟ ನಾಲ್ಸಾ ತೀರ್ಪಿನಲ್ಲಿ ಇದನ್ನು ಯೋಚಿಸಿತ್ತು. 1970ರ ಒಂದು ಇಂಗ್ಲಿಷ್ ಕೇಸಿನಲ್ಲಿ ಕ್ರೋಮೋಸೋಮ್, ಗ್ರಂಥಿ, ಜನನಾಂಗ ನೋಡಿ ಲಿಂಗ ತೀರ್ಮಾನ ಮಾಡಿದ್ದರು. ಅದನ್ನು ಒಪ್ಪದೆ, ದೇಹದ ಪರೀಕ್ಷೆಗಿಂತ ಆ ವ್ಯಕ್ತಿಯ ಮನಸ್ಸಿಗೇ ಹೆಚ್ಚು ಬೆಲೆ ಅಂತ ಹೇಳಿತು. ನನ್ನ ಮಗಳು 2022ರಲ್ಲಿ ಡಿಸಿ ಕಚೇರಿಯ ಟ್ರಾನ್ಸ್‌ಜೆಂಡರ್ ಗುರುತಿನ ಸರ್ಟಿಫಿಕೇಟಿಗೆ ಅರ್ಜಿ ಹಾಕಿದಾಗ ಅಫಿಡವಿಟ್ ಸಾಕಾಗಿತ್ತು. ಯಾರೂ ರಕ್ತ ಕೇಳಲಿಲ್ಲ. ರಕ್ತ ಕೇಳಿದ್ದು ಆಸ್ಪತ್ರೆಯಲ್ಲಿ. ಅದೇ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ ಐಸಿಡಿ-11 ಜಾರಿಗೆ ಬಂತು. ಅದರಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಸಾಲಿನಿಂದ ಹೊರಗಿಟ್ಟಿದ್ದಾರೆ. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ, ಇಂಥವರನ್ನು 'ಸರಿ ಮಾಡುತ್ತೇನೆ' ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ಹೇಳಿತು. ಮೊಬೈಲ್ ಕಡಿಮೆ ಮಾಡಿಸುವುದು ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ, ನೀವೇ ಹೇಳಬೇಕು.

ನನಗೆ ರಾತ್ರಿ ನಿದ್ದೆ ಬಾರದ ಹಾಗೆ ಮಾಡುವುದು ಇನ್ನೊಂದು ಯೋಚನೆ. ನಿಮ್ಮ ಸ್ಕ್ಯಾನಿಂಗ್ ರೂಮಿನ ಹೊರಗೆ ಒಂದು ಬೋರ್ಡ್ ಇದೆ. ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ ಅಂತ. 1994ರ ಕಾಯ್ದೆಯ ಬೋರ್ಡ್. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರು ಇದ್ದರು, ಅದಕ್ಕೆ ನಾವು ಬೀಗುತ್ತೇವೆ. ಆದರೆ ಆ ಬೋರ್ಡ್ ಯಾಕೆ ಬೇಕಾಯಿತು ಅಂತ ಈ ದೇಶಕ್ಕೆಲ್ಲ ಗೊತ್ತು. ಮುಂದೊಂದು ದಿನ ಯಾರೋ ಒಬ್ಬರು, ಸರಾಸರಿಯ ಮಾತು ಮರೆತು, 'ಟ್ರಾನ್ಸ್ ಜೀನ್ ಟೆಸ್ಟ್' ಅಂತ ಗರ್ಭಿಣಿಯರಿಗೆ ಮಾರಲು ಬಂದರೆ? ಆಗ ಯಾವ ಬೋರ್ಡ್ ಇರುತ್ತದೆ? ಮೆಡಿಕಲ್ ಕಾಲೇಜಿನ ಮಕ್ಕಳೇ, ಆ ದಿನ ಬಂದಾಗ ಕುರ್ಚಿಯಲ್ಲಿ ಕೂತಿರುವವರು ನೀವು. ಹಾಗೇ, ಯಾರಾದರೂ ಸಂಶೋಧನೆಗೆ ಅಂತ ಈ ಜಿಲ್ಲೆಯ ಟ್ರಾನ್ಸ್ ಮಕ್ಕಳ ರಕ್ತ ಕೇಳಿಕೊಂಡು ಬಂದರೆ, ಸ್ಯಾಂಪಲ್ ಎಲ್ಲಿಗೆ ಹೋಗುತ್ತದೆ, ಹೆಸರು ಯಾರಿಗೆ ಕಾಣುತ್ತದೆ ಅಂತ ಕನ್ನಡದಲ್ಲಿ ಹೇಳಿಸಿ. ನಮ್ಮದು ಪುಟ್ಟ ಜಿಲ್ಲೆ. ಒಕ್ಕದ ಹೆಸರು ಗೊತ್ತಾದರೆ ಮನೆ ಗೊತ್ತಾದ ಹಾಗೆಯೇ.

ದೇವರಪುರದ ಕುಂಡೆ ಹಬ್ಬದ ದಿನ ಗಂಡಸರು ಹೆಣ್ಣಿನ ವೇಷ ಹಾಕಿ ದಾರಿಯಲ್ಲಿ ಬೈದು ಹಾಡಿ ದುಡ್ಡು ಕೇಳಿದರೆ ಎಲ್ಲರೂ ನಗುತ್ತಾ ಕೊಡುತ್ತೇವೆ. ಅದು ವೇಷ, ಸಂಜೆಗೆ ಕಳಚುತ್ತದೆ. ನನ್ನ ಮಗಳು ಗೋಣಿಕೊಪ್ಪದ ಬಸ್ಸಿನಲ್ಲಿ ಸುಮ್ನೆ ಕೂತಿದ್ದರೂ ಪಕ್ಕದ ಸೀಟ್ ಖಾಲಿ ಇರುತ್ತದೆ.

ಇಷ್ಟು ಹೇಳಿದ ಮೇಲೆ ನಾನು ಕೇಳುವುದು ರಕ್ತದ ವಿಷಯವೇ. ರಕ್ತ ತೆಗೆಯಬೇಡಿ ಅನ್ನುತ್ತಿಲ್ಲ, ಬೇಕಾದ್ದಕ್ಕೆ ತೆಗೆಯಿರಿ. ಹಾರ್ಮೋನ್ ತೆಗೆದುಕೊಳ್ಳುವವರಿಗೆ ಟೆಸ್ಟೋಸ್ಟಿರೋನ್, ಈಸ್ಟ್ರಡಯಾಲ್ ಮಟ್ಟ ನೋಡಬೇಕು. ಗಂಡು ಹಾರ್ಮೋನ್ ತಡೆಯುವ ಸ್ಪೈರನೊಲ್ಯಾಕ್ಟೋನ್ ಮಾತ್ರೆ ಕೊಟ್ಟಿದ್ದರೆ ಪೊಟ್ಯಾಸಿಯಂ ನೋಡಬೇಕು. ಇದಕ್ಕಾಗಿ ನಾವು ಮೈಸೂರಿಗೆ ಹೋಗುತ್ತೇವೆ. ಬೆಳಗ್ಗೆ ಐದೂವರೆಗೆ ಮನೆ ಬಿಟ್ಟರೆ ವಾಪಸ್ ಬರುವಾಗ ರಾತ್ರಿ ಒಂಬತ್ತು. ಜುಲೈನಲ್ಲಿ ರಸ್ತೆಗೆ ಗುಡ್ಡ ಕುಸಿದರೆ ಆ ತಿಂಗಳು ಟೆಸ್ಟೇ ಇಲ್ಲ. ಮೈಸೂರಿಗೂ ಹೋಗಲಾಗದ ಹುಡುಗಿಯರು ಹೆಣ್ಣು ಹಾರ್ಮೋನ್ ಇದೆಯಲ್ಲ ಅಂತ ಮೆಡಿಕಲ್ ಶಾಪಿನಲ್ಲಿ ಗರ್ಭನಿರೋಧಕ ಮಾತ್ರೆ ಕೊಂಡು, ಯಾರೋ ಹೇಳಿದ ಲೆಕ್ಕದಲ್ಲಿ ಮೂರು ನಾಲ್ಕು ನುಂಗುತ್ತಿದ್ದಾರೆ. ರಕ್ತ ಹೆಪ್ಪುಗಟ್ಟುವ ಅಪಾಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಕ್ಯಾರಿಯೋಟೈಪಿಗೆ ಖರ್ಚು ಮಾಡಿಸಿದ ದುಡ್ಡಿನಲ್ಲಿ ಪೊಟ್ಯಾಸಿಯಂ ಎಷ್ಟು ಸಲ ನೋಡಬಹುದಿತ್ತು ಅಂತ ನಾನು ಲೆಕ್ಕ ಹಾಕಿಟ್ಟಿದ್ದೇನೆ, ಬೇಕಾದವರು ಕೇಳಬಹುದು.

ತಿಂಗಳಿಗೆ ಒಂದು ದಿನ, ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ, ಒಬ್ಬ ಡಾಕ್ಟರ್ ಕೂತು ಇವರನ್ನು ನೋಡುವ ಏರ್ಪಾಡು ಆಗಲಿ. ಮೈಸೂರಿನ ಹಾರ್ಮೋನ್ ತಜ್ಞರ ಜೊತೆ ಫೋನಿನಲ್ಲಿ ಮಾತಾಡಿಕೊಂಡೇ ಆಗಲಿ. ಹೊರಗೆ ಹೆಸರು ಕೂಗುವಾಗ ಅವರು ಹೇಳಿದ ಹೆಸರನ್ನೇ ಕೂಗಿ.

ಇನ್ನು ಆ ರಿಪೋರ್ಟ್. ಅದರ ಅರ್ಥ ಏನು, ಏನಲ್ಲ ಅಂತ ನಿಮ್ಮ ನರ್ಸುಗಳಿಗೆ, ಲ್ಯಾಬಿನವರಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದು ಗಂಟೆ ಪಾಠ ಬೇಕಾದರೆ ಹೇಳಿ ಕಳುಹಿಸಿ. ಮಗಳನ್ನು ಕೇಳಿದ್ದೇನೆ, ಅವಳು ಹ್ಞೂಂ ಅಂದಿದ್ದಾಳೆ, ಹೆಸರು ಇರುವ ಜಾಗಕ್ಕೆ ಸ್ಟಿಕ್ಕರ್ ಅಂಟಿಸಿ ಕೊಡುತ್ತಾಳಂತೆ. ಬೋರ್ಡ್ ಇದ್ದರೆ ಸಾಕು. ಚಾಕ್‌ಪೀಸ್ ನಾನೇ ತರುತ್ತೇನೆ.

ಇಂತಿ,
ನಾಪೋಕ್ಲು ಕಡೆಯ ಒಬ್ಬ ರಿಟೈರ್ಡ್ ಸೈನ್ಸ್ ಟೀಚರ್